ಐದನೇ ಯೂನಿಟ್ಟಿನ ಬ್ರಿಟನ್ನು

ನಮ್ಮ ಮನೆಯಿಂದ ಯಾರೂ ಬಿ.ಎ. ಪಾಸಾಗುವುದು ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ಸೋದರತ್ತೆ, ಅಪ್ಪನ ಅಕ್ಕ. ಸಿ.ಎಸ್. ಪುರದಿಂದ ಗುಬ್ಬಿಗೆ ಬಂದವರು ನಮ್ಮ ಮನೆಯ ಹೊಸಿಲು ದಾಟುವ ಮೊದಲೇ ಹೇಳಿದರು. ಹೊಟ್ಟೆಕಿಚ್ಚೇನೂ ಇರಲಿಲ್ಲ. ಇವತ್ತು ಬಸ್ಸು ಬರಲ್ಲ ಬಿಡು ಎನ್ನುವಷ್ಟೇ ಸಹಜವಾಗಿತ್ತು ಆ ದನಿ.

"ಎಸ್ಸೆಲ್ಸಿ ಆಯ್ತು, ಪಿಯೂಸಿ ಆಯ್ತು, ಇನ್ ಬೀಯೆ ಅಂತೆ. ನಮ್ ವಂಸದಲ್ಲಿ ಹೆಬ್ಬೆಟ್ಟು ಬುಟ್ಟು ಸೈನ್ ಹಾಕ್ದೋನು ನಿಮ್ಮಪ್ಪ ಒಬ್ನೇ. ಅವ್ನೂ ಮೂರಕ್ಷರ ಬರಿಯೋ ಹೊತ್ಗೆ ಬೆವರ್ತಾನೆ. ನೀನು ಬೀಯೆ ಮಾಡ್ತೀಯೇನೇ? ಮಾಡು, ಮಾಡು. ಫೇಲಾದ್ರೂ ಏನ್ ಚಿಂತೆ ಇಲ್ಲ, ನಮ್ಮನೆಗೇ ತಾನೆ ಬರೋದು."

ಅವರ ಮನೆಗೇ ಬರುವುದು ಎಂದರೆ ಅವರ ಮಗನನ್ನು ಮದುವೆಯಾಗಿ ಬರುವುದು. ನಮ್ಮ ಕಡೆ ಹುಡುಗಿಯ ಮೇಲೆ ಸೋದರತ್ತೆಯ ಮಗನಿಗೆ ಮೊದಲ ಹಕ್ಕು. ಅವನು ಬೇಡ ಅಂದರೆ ಮಾತ್ರ ಹೊರಗಿನವರು. ನಾನು ಹುಟ್ಟಿ ಹನ್ನೊಂದನೇ ದಿನ ಅತ್ತೆ ತೊಟ್ಟಿಲ ಮೇಲೆ ಕೈಯಿಟ್ಟು "ಇದು ನಮ್ದು" ಅಂದಿದ್ದರಂತೆ. ಅವರ ಮಗ ಒಳ್ಳೆಯವನು. ಪಂಪ್‌ಸೆಟ್ ರಿಪೇರಿಯಲ್ಲಿ ಸುತ್ತಲ ಊರುಗಳಲ್ಲೆಲ್ಲ ಅವನಿಗೆ ಹೆಸರಿತ್ತು. ನನ್ನನ್ನು ಕಂಡರೆ ತಲೆ ಬಗ್ಗಿಸಿಕೊಂಡು "ಚೆನ್ನಾಗಿದೀಯಾ?" ಅಂತ ಕೇಳಿ ಹೊರಗೆ ಹೋಗಿ ನಿಲ್ಲುತ್ತಿದ್ದ. ಅವನನ್ನು ಬೇಡ ಅನ್ನಲು ನನ್ನ ಹತ್ತಿರ ಕಾರಣ ಇರಲಿಲ್ಲ. ಆದರೆ ಬಿ.ಎ. ಮುಗಿಸಬೇಕು, ಆಮೇಲೆ ಬಿ.ಎಡ್. ಮಾಡಿ ಮೇಷ್ಟ್ರಾಗಬೇಕು ಅಂತ ನನಗಿತ್ತು. ಅವರ ಮನೆಗೆ ಹೋದರೆ ಅದು ಅಲ್ಲಿಗೇ ನಿಲ್ಲುತ್ತದೆ ಅನ್ನುವುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅಪ್ಪನದು ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಕಲ್ ಶಾಪು. ಬಾಡಿಗೆ ಸೈಕಲ್ಲು, ಪಂಕ್ಚರು, ಬೆಂಡು ತೆಗೆಯುವುದು. ಮಾತು ಕಡಿಮೆ. ನಾನು ದಿನಾ ಬೆಳಿಗ್ಗೆ ಅರಸೀಕೆರೆ ಕಡೆಯಿಂದ ಬರುವ ಪ್ಯಾಸೆಂಜರ್ ಹತ್ತಿ ತುಮಕೂರಿನ ಕಾಲೇಜಿಗೆ ಹೋಗಿ ಸಂಜೆ ಅದರಲ್ಲೇ ವಾಪಸ್ ಬರುತ್ತಿದ್ದೆ. ನನ್ನ ಓದೆಲ್ಲ ನಡೆದದ್ದು ಆ ರೈಲಿನಲ್ಲಿ, ಬಾಗಿಲ ಹತ್ತಿರ ನಿಂತುಕೊಂಡು, ಬಾಯಿಪಾಠ ಹೊಡೆಯುತ್ತ. ಕೂತು ಓದಿದರೆ ನನಗೆ ನಿದ್ದೆ ಬರುತ್ತಿತ್ತು.

ಕೊನೆಯ ವರ್ಷದಲ್ಲಿ ರಾಜ್ಯಶಾಸ್ತ್ರದ ಒಂದು ಪೇಪರು ಅಂತಾರಾಷ್ಟ್ರೀಯ ಸಂಬಂಧಗಳದ್ದು. ಅದರಲ್ಲಿ ಐದನೇ ಯೂನಿಟ್ಟು ಬ್ರಿಟನ್ನಿನ ವಿದೇಶಾಂಗ ನೀತಿ ಮತ್ತು ರಕ್ಷಣಾ ನೀತಿ. ಕನ್ನಡ ಮೀಡಿಯಂನವರಿಗೆ ಆ ಯೂನಿಟ್ಟಿಗೆ ಪುಸ್ತಕವೇ ಇರಲಿಲ್ಲ. ಲೈಬ್ರರಿಯಲ್ಲಿದ್ದ ಇಂಗ್ಲಿಷ್ ಪುಸ್ತಕವನ್ನು ನಾನು ಎರಡು ಸಲ ತಂದು ಎರಡು ಸಲವೂ ಮೊದಲ ಪುಟದಲ್ಲೇ ಬಿಟ್ಟೆ. ಆದ್ದರಿಂದ ನಮಗೆ ಬ್ರಿಟನ್ ಅಂದರೆ ನಮ್ಮ ಲೆಕ್ಚರರ ನೋಟ್ಸು. ಅವರು ಹಳದಿಯಾಗಿ ಹೋಗಿದ್ದ ತಮ್ಮ ನೋಟ್‌ಬುಕ್ಕನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಕಿಟಕಿಯ ಸರಳಿಗೆ ಒರಗಿಸಿ, ಒಂದೇ ರಾಗದಲ್ಲಿ ಬರೆಸುತ್ತಿದ್ದರು. ನಾವು ತಲೆಯೆತ್ತದೆ ಬರೆದುಕೊಳ್ಳುತ್ತಿದ್ದೆವು. ಫುಲ್ ಸ್ಟಾಪು, ನೆಕ್ಸ್ಟ್ ಪ್ಯಾರಾ ಅನ್ನುವುದನ್ನೂ ಒಬ್ಬ ಹುಡುಗ ಬರೆದುಕೊಂಡಿದ್ದ.

1956ರಲ್ಲಿ ಈಜಿಪ್ಟ್ ದೇಶವು ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿತು. ಬ್ರಿಟನ್ ಫ್ರಾನ್ಸಿನ ಜೊತೆ ಸೇರಿ ಸೇನೆ ಇಳಿಸಿತು. ಅಮೆರಿಕ ಒಪ್ಪಲಿಲ್ಲ, ಲೋಕವೆಲ್ಲ ಖಂಡಿಸಿತು, ಬ್ರಿಟನ್ ಸೇನೆಯನ್ನು ಹಿಂದಕ್ಕೆ ಕರೆಸಿತು. ಅದಾದ ಹತ್ತು ಹನ್ನೆರಡು ವರ್ಷಕ್ಕೆ ಸೂಯೆಜ್‌ನಿಂದ ಈಚೆಗಿದ್ದ ತನ್ನ ನೆಲೆಗಳನ್ನೂ ಬಿಟ್ಟುಕೊಡಲು ತೀರ್ಮಾನಿಸಿತು. ಇಷ್ಟು ಬರೆಸಿ ಕೊನೆಗೆ ಒಂದು ವಾಕ್ಯ. ಅದು ನನಗೆ ಈಗಲೂ ಬರುತ್ತದೆ: "ಹೀಗಾಗಿ ದೂರದ ನಾಡುಗಳಿಗೆ ಒಂಟಿಯಾಗಿ ಸೇನೆ ಕಳುಹಿಸುವ ಶಕ್ತಿಯನ್ನೂ ಇಚ್ಛೆಯನ್ನೂ ಬ್ರಿಟನ್ ಶಾಶ್ವತವಾಗಿ ಕಳೆದುಕೊಂಡಿದೆ."

"ಈ ವಾಕ್ಯದ ಕೆಳಗೆ ಅಡ್ಡಗೆರೆ ಎಳೀರಿ. ಸ್ಕೇಲ್ ಇಟ್ಟು ಎಳೀರಿ. ಪೇಪರ್ ವ್ಯಾಲ್ಯುಯೇಷನ್ ಮಾಡೋರು ಮೊದ್ಲು ನೋಡೋದೇ ಕೊನೇ ವಾಕ್ಯ. ಮಧ್ಯ ನೀವೇನು ಬರ್ದಿದೀರಿ ಅಂತ ದೇವ್ರೂ ನೋಡಲ್ಲ" ಎಂದು ಅವರು ಹೇಳಿದ್ದರು. ನಾನು ಸ್ಕೇಲ್ ಇಟ್ಟೇ ಎಳೆದೆ. ಮಲ್ಲಸಂದ್ರ ಸ್ಟೇಷನ್ ಬರುವುದರೊಳಗೆ ಆ ವಾಕ್ಯವನ್ನು ಹತ್ತು ಸಲ ಹೇಳಿಕೊಳ್ಳುವುದು ನನ್ನ ಅಭ್ಯಾಸವಾಯಿತು.

ಪರೀಕ್ಷೆಗೆ ಎರಡು ವಾರ ಇದ್ದಾಗ, 1982ರ ಏಪ್ರಿಲ್ ಮೊದಲಲ್ಲಿ, ಅಪ್ಪನ ಅಂಗಡಿಯ ರೇಡಿಯೋ ಬೇರೆ ಮಾತು ಹೇಳಿತು. ಬೆಳಗಿನ ಕನ್ನಡ ವಾರ್ತೆ. ನಾನು ರೈಲಿಗೆ ಹೊರಟವಳು ಅಪ್ಪನಿಗೆ ತಿಂಡಿ ಕೊಟ್ಟು ಹೋಗೋಣ ಅಂತ ನಿಂತಿದ್ದೆ. ದಕ್ಷಿಣ ಅಮೆರಿಕದ ತುದಿಯಲ್ಲಿ ಫಾಕ್‌ಲ್ಯಾಂಡ್ ಅಂತ ದ್ವೀಪಗಳಂತೆ. ಬ್ರಿಟನ್ನಿನ ಕೈಯಲ್ಲಿತ್ತಂತೆ. ಅರ್ಜೆಂಟೀನಾ ದೇಶ ಅದನ್ನು ಹಿಡಿದುಕೊಂಡಿದೆಯಂತೆ. ವಾಪಸ್ ತೆಗೆದುಕೊಳ್ಳಲು ಬ್ರಿಟನ್ನಿನ ಯುದ್ಧನೌಕೆಗಳು ಹೊರಟಿವೆಯಂತೆ.

ಪಂಕ್ಚರ್ ಹಾಕಿಸಿಕೊಳ್ಳಲು ಬಂದಿದ್ದ ಹಾಲಿನವನು ಕ್ಯಾನಿನ ಮೇಲೆ ಕೂತಿದ್ದ. ಅವನು ಅಪ್ಪನನ್ನು ಕೇಳಿದ.

"ಎಲ್ಲಿಗಂತಣ್ಣ ಹಡ್ಗು?"

"ಯಾವ್ದೋ ದ್ವೀಪಕ್ಕಂತೆ."

"ಏನೈತಂತೆ ಅಲ್ಲಿ? ಚಿನ್ನವಾ?"

"ಕುರಿ ಅಂತೆ. ಬರೀ ಕುರಿ ಮೇಯಿಸ್ತಾರಂತೆ."

"ಕುರಿಗೆ ಹಡ್ಗಾ? ಥೂ, ಇಂಗ್ಲೀಸ್ನೋರ ಬುದ್ಧಿ ನೋಡು. ನಮ್ಮೂರಿಗೆ ಹೇಳಿದ್ರೆ ಎಲ್ಡ್ ಲಾರಿ ಕುರಿ ಕಳುಸ್ತಿದ್ವಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆವತ್ತು ರೈಲಿನಲ್ಲಿ ಆ ವಾಕ್ಯ ಹೇಳಿಕೊಳ್ಳಲು ಹೋದರೆ "ಶಾಶ್ವತವಾಗಿ" ಅನ್ನುವಲ್ಲಿಗೆ ಬಂದು ನಾಲಗೆ ನಿಂತುಬಿಟ್ಟಿತು. ಇಷ್ಟು ದಿನ ನಾನು ಉರು ಹೊಡೆದದ್ದು ಸುಳ್ಳೇ? ಅಥವಾ ರೇಡಿಯೋದವರಿಗೆ ಸರಿಯಾಗಿ ಗೊತ್ತಿಲ್ಲವೇ? ಹಡಗು ಹೊರಟದ್ದು ನಿಜವಾದರೆ ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು?

ಭಾನುವಾರ ಶೆಟ್ಟಿಹಳ್ಳಿಯಲ್ಲಿದ್ದ ಲೆಕ್ಚರರ ಮನೆ ಹುಡುಕಿಕೊಂಡು ಹೋದೆ. ಅವರು ಬನಿಯನ್ನಿನಲ್ಲಿ ನಿಂತು ಷರಟಿಗೆ ಇಸ್ತ್ರಿ ಹಾಕುತ್ತಿದ್ದರು. ನನ್ನನ್ನು ನೋಡಿ ಅದೇ ಬಿಸಿ ಷರಟನ್ನು ಗಡಿಬಿಡಿಯಲ್ಲಿ ಹಾಕಿಕೊಂಡರು.

"ಸಾರ್, ಒಂದು ಡೌಟು. ಬ್ರಿಟನ್ ಇನ್ನು ಒಂಟಿಯಾಗಿ ದೂರಕ್ಕೆ ಸೇನೆ ಕಳಿಸಲ್ಲ ಅಂತ ಬರೆಸಿದ್ರಲ್ಲ. ಈಗ ಕಳಿಸಿದೆಯಲ್ಲ ಸಾರ್."

ಅವರು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದರು.

"ಹಡಗು ಹೊರಟಿದೆ ಅಷ್ಟೆ ಕಣಮ್ಮ. ಇನ್ನೂ ಮುಟ್ಟಿಲ್ಲವಲ್ಲ. ಅರ್ಧ ದಾರೀಲಿ ರಾಜಿ ಆಗಿ ವಾಪಸ್ ಬಂದ್ರೆ?"

"ಮುಟ್ಟಿದ್ರೆ ಸಾರ್?"

"ನಿಮ್ಮ ಪೇಪರ್ ಯಾವತ್ತು?"

ಹೇಳಿದೆ. ಅವರು ಬೆರಳು ಮಡಚಿ ಎಣಿಸಿದರು. "ಅಷ್ಟರೊಳಗೆ ಮುಟ್ಟಲ್ಲ ಬಿಡು. ಪ್ರಪಂಚ ಮುಂದಕ್ಕೆ ಹೋಗ್ತಿರತ್ತೆ, ಸಿಲಬಸ್ ಒಂದು ಕಡೆ ನಿಲ್ಲಬೇಕಲ್ವಾ? ನೀನು ನೋಟ್ಸ್ ಬರಿ. ವಾರ್ತೆ ಓದೋಕೆ ರೇಡಿಯೋದವರಿದ್ದಾರೆ."

ನಾನು ಎದ್ದು ಬರಬೇಕಿತ್ತು. ಆದರೆ ಇನ್ನೊಂದು ಪ್ರಶ್ನೆ ಬಾಯಿಗೆ ಬಂದುಬಿಟ್ಟಿತ್ತು. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ, ಎಪ್ಪತ್ತೊಂದರಲ್ಲಿ, ನಮ್ಮ ಸೇನೆ ಗಡಿ ದಾಟಿ ಹೋಗಿ ಬಾಂಗ್ಲಾದೇಶ ಆಗಿತ್ತು. ನಮಗೆ ಸ್ಕೂಲಿನಲ್ಲಿ ಪೆಪ್ಪರಮಿಂಟು ಹಂಚಿದ್ದರು. ನಾವು ಗುಬ್ಬಿಯ ಬೀದಿಯಲ್ಲಿ ಜೈ ಅಂತ ಕೂಗಿಕೊಂಡು ಓಡಿದ್ದೆವು.

"ಸಾರ್, ಹಂಗಾದ್ರೆ ನಾವು ಹೋಗಿದ್ದು? ಅದೂ ಮಧ್ಯಪ್ರವೇಶ ಅಲ್ವಾ?"

"ಅದು ಮೂರನೇ ಯೂನಿಟ್ಟು" ಅಂದರು. "ಇದು ಐದನೇ ಯೂನಿಟ್ಟು. ಎರಡನ್ನೂ ಬೆರೆಸಬೇಡ, ಕೆಟ್ಟೋಗ್ತೀಯ."

ಒಳ್ಳೆಯ ಮನುಷ್ಯ. ನನ್ನ ಒಳಿತಿಗೇ ಹೇಳಿದರು. ನಾನು ಅದನ್ನು ಕೇಳಿದ್ದರೆ ಆಗುತ್ತಿತ್ತು.

ಏಪ್ರಿಲ್ ಮೂರನೇ ವಾರ ಪರೀಕ್ಷೆ. ಆವತ್ತು ಬೆಳಿಗ್ಗೆಯೂ ರೇಡಿಯೋದಲ್ಲಿ ಹಡಗುಗಳು ಸಮುದ್ರದ ಮೇಲೇ ಇದ್ದವು. ಪ್ರಶ್ನೆಪತ್ರಿಕೆಯಲ್ಲಿ ಇಪ್ಪತ್ತು ಮಾರ್ಕಿನ ಮೊದಲ ಪ್ರಶ್ನೆಯೇ ಅದು: ಎರಡನೆಯ ಮಹಾಯುದ್ಧದ ನಂತರದ ಬ್ರಿಟನ್ನಿನ ವಿದೇಶಾಂಗ ಮತ್ತು ರಕ್ಷಣಾ ನೀತಿಯನ್ನು ವಿಮರ್ಶಿಸಿ. ಸೂಯೆಜ್ ಬರೆದೆ, ನೆಲೆಗಳನ್ನು ಬಿಟ್ಟದ್ದು ಬರೆದೆ. ಆ ಕೊನೆಯ ವಾಕ್ಯವನ್ನೂ ಬರೆದು ಸ್ಕೇಲ್ ಇಟ್ಟು ಗೆರೆ ಎಳೆದೆ. ಎಳೆದ ಮೇಲೆ ನೋಡಿದೆ. ನನ್ನದೇ ಅಕ್ಷರದಲ್ಲಿ ಒಂದು ಸುಳ್ಳು, ಅದರ ಕೆಳಗೊಂದು ಗೆರೆ. ಮನಸ್ಸು ಒಪ್ಪಲಿಲ್ಲ. ಅದನ್ನು ಹೊಡೆದು ಹಾಕಿ "ಆದರೆ ಇದೀಗ ಬ್ರಿಟನ್ ಫಾಕ್‌ಲ್ಯಾಂಡಿಗೆ ಒಂಟಿಯಾಗಿಯೇ ನೌಕೆಗಳನ್ನು ಕಳುಹಿಸಿದೆ" ಎಂದು ಬರೆದೆ. ಬರೆದ ತಕ್ಷಣ ಹೆದರಿಕೆ ಆಯಿತು. ಪೇಪರ್ ನೋಡುವವರ ಹತ್ತಿರವೂ ಅದೇ ಹಳೆಯ ನೋಟ್ಸು ಇದ್ದರೆ? ಅಷ್ಟರಲ್ಲಿ ರಾಜಿಯಾಗಿ ಹಡಗು ವಾಪಸ್ ಬಂದುಬಿಟ್ಟಿದ್ದರೆ? ಅದನ್ನೂ ಹೊಡೆದು ಹಾಕಿದೆ. ಈಗ ಉತ್ತರಕ್ಕೆ ಕೊನೆಯೇ ಇಲ್ಲ. ಗಂಟೆ ಹೊಡೆಯಲು ಹತ್ತು ನಿಮಿಷ ಇತ್ತು. ಪಕ್ಕದ ಅಂಚಿನಲ್ಲಿ ಸಣ್ಣಗೆ ಬರೆದೆ: "ಮೇಲೆ ಹೊಡೆದು ಹಾಕಿರುವ ಎರಡನ್ನೂ ದಯವಿಟ್ಟು ಪರಿಗಣಿಸಬೇಕು."

ಈಗ ನಾನೇ ಪೇಪರು ತಿದ್ದುವವಳು. ಅಂಥ ಒಂದು ಪೇಪರು ನನ್ನ ಕೈಗೆ ಬಂದರೆ ಏನು ಮಾಡುತ್ತೇನೋ ಗೊತ್ತಿಲ್ಲ. ಅವರು ಏನು ಮಾಡಿದರೆಂದು ಜೂನ್ ಕೊನೆಗೆ ಗೊತ್ತಾಯಿತು. ಕಾಲೇಜಿನ ಬೋರ್ಡಿನಲ್ಲಿ ನನ್ನ ನಂಬರಿನ ಎದುರು ಮೂವತ್ತೊಂದು ಅಂತ ಇತ್ತು. ಪಾಸಿಗೆ ಮೂವತ್ತೈದು. ನೋಟ್ಸನ್ನು ಇದ್ದ ಹಾಗೇ ಬರೆದವರೆಲ್ಲ ಪಾಸಾಗಿದ್ದರು. ಆ ಹೊತ್ತಿಗೆ ಯುದ್ಧವೂ ಮುಗಿದಿತ್ತು. ಬ್ರಿಟನ್ ಗೆದ್ದಿತ್ತು. ನಿಜವಾಗಿ ನಡೆದದ್ದನ್ನು ಬರೆದ ನಾನು ಫೇಲು.

ಸುದ್ದಿ ಸಿ.ಎಸ್. ಪುರಕ್ಕೆ ಮುಟ್ಟಿದ ನಾಲ್ಕನೇ ದಿನ ಅತ್ತೆ ಬಂದರು. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಬೆಲ್ಲ. ಒಪ್ಪು ವೀಳ್ಯ. ಅದನ್ನು ಅಪ್ಪ ಕೈಗೆ ತೆಗೆದುಕೊಂಡರೆ ಮಾತು ಆದ ಹಾಗೆ. ಅತ್ತೆ ತಟ್ಟೆಯನ್ನು ಜಗಲಿಯ ಮೇಲಿಟ್ಟು ಕಾಲು ಚಾಚಿ ಕೂತರು.

"ಓದಿದ್ದಾಯ್ತಲ್ಲ. ಇನ್ನೇನ್ಲಾ ನೋಡ್ತೀಯ, ಎತ್ಕೊ ವೀಳ್ಯ."

ಅಪ್ಪ ಕೈಗೆ ಅಂಟಿದ್ದ ಗ್ರೀಸನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು. ಒರೆಸಿ ಮುಗಿಯಲೇ ಇಲ್ಲ. ಕೊನೆಗೆ ಅಂದರು: "ಅಕ್ಕಾ, ಅಕ್ಟೋಬರ್‌ಗೆ ಇನ್ನೊಂದ್ ಸಲ ಪರೀಕ್ಷೆ ಕಟ್ಬೋದಂತೆ. ಅದೊಂದ್ ಆಗ್ಲಿ. ಪಾಸಾದ್ರೆ ಅವಳು ಹೇಳಿದಂಗೆ. ಫೇಲಾದ್ರೆ ನೀನ್ ಹೇಳಿದಂಗೆ."

"ಅಲ್ಲೀಗಂಟ ಈ ಎಲೆ ಬಾಡೋಗ್ತದೆ ಕಣೋ."

"ಎಲೆಗೇನು, ಹೊಸಾದು ತಂದ್ರಾಯ್ತು."

ಅಪ್ಪ ತಮ್ಮ ಅಕ್ಕನಿಗೆ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅತ್ತೆ ಎದ್ದರು. ತಟ್ಟೆಯನ್ನು ವಾಪಸ್ ತೆಗೆದುಕೊಂಡು ಹೋಗಲಿಲ್ಲ, ಬಿಟ್ಟೇ ಹೋದರು. ಹೋಗುವಾಗ ನನ್ನ ಗಲ್ಲ ಹಿಡಿದು "ಅದೇನೋ ಇಂಗ್ಲೀಸ್ನೋರ ವಿಸ್ಯ ಬರ್ದು ಫೇಲಾದ್ಯಂತೆ? ಊರೋರ ಉಸಾಬರಿ ನಿಂಗ್ಯಾಕೆ ಬೇಕಿತ್ತೇ?" ಅಂದರು.

ಮನೆಯಲ್ಲಿ ಆ ತಟ್ಟೆ ನೋಡಿಕೊಂಡು ಓದುವುದು ಆಗುತ್ತಿರಲಿಲ್ಲ. ಅವ್ವ ನನ್ನನ್ನು ಎರಡು ತಿಂಗಳಿಗೆ ಕುಣಿಗಲ್ಲಿಗೆ, ತನ್ನ ತವರಿಗೆ ಕಳಿಸಿದಳು. ಅಲ್ಲಿ ಅವ್ವನ ಅಪ್ಪ, ನಮ್ಮ ತಾತ, ಇದ್ದರು. ಎಂಬತ್ತೈದು ದಾಟಿತ್ತು. ಕಿವಿ ಚುರುಕು, ಹಲ್ಲು ಮಾತ್ರ ಇರಲಿಲ್ಲ. ಹುಡುಗನಾಗಿದ್ದಾಗಿನಿಂದ ಕುದುರೆ ನೋಡಿಕೊಳ್ಳುವ ಸಯೀಸನ ಕೆಲಸ ಅವರದು. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ದಿನಾ ಬೆಳಿಗ್ಗೆ ಊರಿನ ಕುದುರೆ ಫಾರಂನಲ್ಲಿ ಕುದುರೆಗಳು ಮೇಯುವ ಬಯಲಿನ ಬೇಲಿಯವರೆಗೆ ನಡೆದು ಹೋಗಿ ನಿಂತು ನೋಡಿ ಬರುತ್ತಿದ್ದರು. ಯಾವ ಕುದುರೆಯ ನಡಿಗೆ ಸರಿಯಿಲ್ಲ ಅಂತ ಅಲ್ಲಿಂದಲೇ ಕೂಗಿ ಹೇಳಿ ಕಾವಲಿನವನ ಹತ್ತಿರ ಬೈಸಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ನಾನೂ ಜೊತೆಗೆ ಹೋದೆ, ನೋಟ್ಸು ಹಿಡಿದುಕೊಂಡು. ಬೇಲಿಗೆ ಒರಗಿ ಸೂಯೆಜ್ ಸೂಯೆಜ್ ಅಂತ ಗೊಣಗುತ್ತಿದ್ದೆ. ತಾತ ತಿರುಗಿ ನೋಡಿದರು.

"ಏನಂದೆ ಮಗ? ಸುಯೇಜಾ?"

"ಹೂಂ ತಾತ. ಒಂದು ಕಾಲುವೆ."

"ನಂಗೇ ಹೇಳ್ತೀಯಾ?" ಅಂದರು. "ಅದ್ರ ದಡದಲ್ಲಿ ಕುದ್ರೆ ಮೈ ತೊಳ್ದಿದೀನಿ ನಾನು."

ತಾತ ಹರೆಯದಲ್ಲಿ ದಂಡಿನ ಜೊತೆ ಹಡಗಿನಲ್ಲಿ ಹೋಗಿದ್ದರು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲಿಗೆ ಅಂತ ಯಾರೂ ಕೇಳಿರಲಿಲ್ಲ. ಆವತ್ತು ನಾನು ಕೇಳಿದೆ. ಮೊದಲನೆಯ ಮಹಾಯುದ್ಧ. ಮಹಾರಾಜರ ಕುದುರೆ ದಂಡನ್ನು ಇಂಗ್ಲಿಷಿನವರು ಕರೆಸಿಕೊಂಡಿದ್ದರು. ಬೊಂಬಾಯಿಯಿಂದ ಹಡಗು. ಕುದುರೆಗಳಿಗೆ ಮಲಗಲು ಜಾಗವಿಲ್ಲ, ದಾರಿಯುದ್ದಕ್ಕೂ ನಿಂತೇ ಇದ್ದವು. ಅವುಗಳ ಕಾಲು ಉಜ್ಜುತ್ತ ತಾತನೂ ನಿಂತೇ ಇದ್ದರು.

"ಯಾಕೆ ಹೋಗಿದ್ದು ತಾತ?"

"ಟರ್ಕಿಯೋರು ಬರ್ತಾರೆ, ಕಾಲ್ವೆ ಕಿತ್ಕಂತಾರೆ, ಕಾಯ್ಬೇಕು ಅಂದ್ರು. ಕಾಲ್ವೆ ಯಾರ್ದು ಅಂತ ಕೇಳ್ದೆ. ನಮ್ದೇ ಅಂದ್ರು. ನಾನು ಮೈಸೂರ್ದು ಅನ್ಕಂಡೆ."

"ಮೈಸೂರ್ದಾ?"

"ಮತ್ತೆ? ನಮ್ ಮಾರಾಜ್ರು ಅಷ್ಟು ದೂರಾನೂ ಕಾಲ್ವೆ ತೋಡ್ಸವ್ರೆ ಅಂತ ಎಂಥಾ ಖುಸಿ ಆಯ್ತು ನಂಗೆ! ಎಲ್ಡ್ ವರ್ಸ ಹಂಗೇ ಅನ್ಕಂಡಿದ್ದೆ. ಯಾರೋ ಒಬ್ಬ ಸಿಪಾಯಿ ನಕ್ಬುಟ್ಟು ಹೇಳ್ದ, ಅಲ್ಲ ಕಣೋ ಇಂಗ್ಲೀಸ್ನೋರದು ಅಂತ."

"ಅಲ್ಲಿ ಊರಿನ ಜನ ಏನಂತಿದ್ರು?"

"ಈರುಳ್ಳಿ ಮಾರೋರು. ಭಾಸೆ ಬರ್ತಿರ್ಲಿಲ್ಲ. ನೀನ್ ಯಾಕಪ್ಪ ಬಂದೆ ಅಂತ ಕೈ ಆಡ್ಸಿ ಕೇಳೋರು. ನಾನು ಕುದ್ರೆ ತೋರುಸ್ತಿದ್ದೆ. ಇದು ಬಂತು, ಅದ್ಕೇ ನಾನೂ ಬಂದೆ ಅಂತ. ಇನ್ನೇನ್ ಹೇಳ್ಲಿ?"

ನನಗೆ ಪಾಠ ಸಿಕ್ಕಿದ ಖುಷಿ. ಓದಿದ್ದನ್ನು ತೋರಿಸುವ ಆಸೆಯೂ ಇತ್ತು. ನೋಟ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟೆ. "ತಾತ, ಆಮೇಲೆ ಆ ಕಾಲುವೆನ ಅವರ ದೇಶದವರೇ ತಗೊಂಡ್ರಂತೆ. ಇಂಗ್ಲಿಷ್‌ನವರು ಮತ್ತೆ ದಂಡು ಕಳಿಸಿದ್ರು. ಎಲ್ಲಾರೂ ಬೈದ್ರು. ಬಿಟ್ಟುಕೊಟ್ಟು ಹೊರಟೋದ್ರು."

"ಹೊರಟೋದ್ರಾ? ಯಾವಾಗ?"

"ಇಪ್ಪತ್ತಾರು ವರ್ಷ ಆಯ್ತು."

"ಬೈದಿದ್ಕೇ ಹೊರಟೋದ್ರಾ?"

"ಹೂಂ."

ತಾತ ಬೇಲಿಯ ಕಂಬ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು: "ಬುಡೋದಾಗಿದ್ರೆ ನಮ್ನ ಯಾಕ್ ಮಗ ಅಷ್ಟು ವರ್ಸ ಕಾಯ್ಸಿದ್ರು?"

ಆವತ್ತು ಅವರು ಊಟ ಮಾಡಲಿಲ್ಲ. ಸೋದರಮಾವ ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಅಂದರು. ಅರವತ್ತು ವರ್ಷದಿಂದ ಅವರ ಪಾಲಿಗೆ ಆ ಕಾಲುವೆ ಭದ್ರವಾಗಿತ್ತು. ಐದನೇ ಯೂನಿಟ್ಟು ಬಂದು ಅದನ್ನು ಕಿತ್ತುಕೊಂಡಿತು. ಎರಡು ದಿನ ಆದ ಮೇಲೆ ಅವರೇ ಮಾತಾಡಿದರು. ವಾಪಸ್ ಬರುವಾಗ ಕುದುರೆಗಳನ್ನು ಹಡಗಿಗೆ ಹತ್ತಿಸಿಕೊಳ್ಳಲಿಲ್ಲವಂತೆ. ಅವರ ಕೈಯಲ್ಲಿದ್ದ ಕಂದು ಬಣ್ಣದ ಹೆಣ್ಣು ಕುದುರೆಯನ್ನು ಯಾರೋ ಹಗ್ಗ ಹಿಡಿದು ಕರೆದುಕೊಂಡು ಹೋದರಂತೆ. ಮಾರಿದರೋ, ಗುಂಡು ಹೊಡೆದರೋ ಗೊತ್ತಾಗಲಿಲ್ಲವಂತೆ. "ನಿನ್ ಬುಕ್ನಲ್ಲಿ ಅದೇನಾರ ಬರ್ದವ್ರಾ?" ಎಂದು ಕೇಳಿದರು. ಇಲ್ಲ ಅಂದೆ.

ಸೆಪ್ಟೆಂಬರ್‌ನಲ್ಲಿ ಗುಬ್ಬಿಗೆ ವಾಪಸ್ ಬಂದೆ. ಲೆಕ್ಚರರನ್ನು ಕಂಡಾಗ ಅವರು ತಮ್ಮ ಹಳದಿ ನೋಟ್‌ಬುಕ್ಕಿಗೆ ಹೊಸ ಬಿಳಿ ಹಾಳೆಯೊಂದನ್ನು ಗುಂಡುಪಿನ್ನಿನಲ್ಲಿ ಚುಚ್ಚಿದ್ದರು. ಅದನ್ನು ನನಗೆ ಬರೆದುಕೊಳ್ಳಲು ಕೊಟ್ಟರು. ಕೊನೆಯ ವಾಕ್ಯ ಬದಲಾಗಿತ್ತು: "ಹೀಗಾಗಿ ತನ್ನ ಹಕ್ಕಿನ ರಕ್ಷಣೆಗಾಗಿ ಬ್ರಿಟನ್ ಎಷ್ಟು ದೂರಕ್ಕಾದರೂ ಒಂಟಿಯಾಗಿ ಸೇನೆ ಕಳುಹಿಸಬಲ್ಲದು." ಕೆಳಗೆ ಸ್ಕೇಲ್ ಇಟ್ಟು ಎಳೆದ ಗೆರೆ.

"ಇದನ್ನೇ ಬರೀಲಾ ಸಾರ್?"

"ಬರಿ." ಅವರು ದನಿ ತಗ್ಗಿಸಿ ಅಂದರು, "ನೋಡಮ್ಮಾ, ನಂಗೂ ಗೊತ್ತಿಲ್ಲ. ಪೇಪರ್ ನೋಡೋರು ಹಳೇ ಹಾಳೆಯೋರೋ ಹೊಸ ಹಾಳೆಯೋರೋ. ದೇವರಿದ್ದಾನೆ."

ಮೊದಲು ಎಂದೂ ಇಲ್ಲ, ಈಗ ಎಲ್ಲಿಗಾದರೂ. ಮಧ್ಯೆ ಬರೀ ಐದು ತಿಂಗಳು. ಆವತ್ತು ಸಂಜೆ ಅವ್ವ ಮುದ್ದೆ ತೊಳಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಎರಡೂ ವಾಕ್ಯಗಳನ್ನು ಒಂದಾದ ಮೇಲೊಂದು ಓದುತ್ತಿದ್ದೆ. ಅವ್ವ ಕೋಲು ನಿಲ್ಲಿಸದೆ ಹೇಳಿದಳು.

"ಅದೇನ್ ಬಡ್ಕತೀಯೇ? ನಂಗೂ ಅರ್ಥ ಆಗಂಗೆ ಹೇಳು."

ಹೇಳಿದೆ. ಸೂಯೆಜ್, ಫಾಕ್‌ಲ್ಯಾಂಡ್, ಎರಡು ಕಡೆಯೂ ನಮ್ಮದು ನಮ್ಮದು ಅಂದದ್ದು, ಒಂದು ಕಡೆ ಸೋತದ್ದು, ಒಂದು ಕಡೆ ಗೆದ್ದದ್ದು. ಅವ್ವ ಎಲ್ಲ ಕೇಳಿಸಿಕೊಂಡಳು.

"ಅಲ್ಲಿರೋ ಜನ ಏನಂದ್ರು?"

"ಯಾರು?"

"ಅಲ್ಲೇ ಒಲೆ ಹಚ್ಕೊಂಡು ಬದುಕ್ತಿರೋರು. ಇವ್ರೂ ನಮ್ದು ಅಂದ್ರು, ಅವ್ರೂ ನಮ್ದು ಅಂದ್ರು. ಅವರನ್ನ ಯಾರಾದ್ರೂ ಕೇಳಿದ್ರಾ?"

ನೋಟ್ಸಿನಲ್ಲಿ ಅದಿರಲಿಲ್ಲ. ಅಪ್ಪನ ಅಂಗಡಿಗೆ ಬರುತ್ತಿದ್ದ ಹಳೆಯ ದಿನಪತ್ರಿಕೆಗಳ ಕಟ್ಟನ್ನೆಲ್ಲ ಹುಡುಕಿದೆ. ಆ ದ್ವೀಪದ ಜನ ಬ್ರಿಟನ್ನೇ ಇರಲಿ ಅನ್ನುವವರು ಅಂತ ಒಂದು ಮೂಲೆಯಲ್ಲಿ ಇತ್ತು. ಹಾಗಾದರೆ ಬ್ರಿಟನ್ ಹೋದದ್ದು ಸರಿಯೇ? ಆದರೆ ಸಾವಿರಾರು ಮೈಲಿ ಆಚೆಗೆ ಅವರು ಆ ದ್ವೀಪಕ್ಕೆ ಮೊದಲು ಹೋದದ್ದಾದರೂ ಯಾಕೆ? ಬಾಂಗ್ಲಾದ ಜನ ನಮ್ಮನ್ನು ಬನ್ನಿ ಅಂದಿದ್ದರಲ್ಲ, ಆ ಪೆಪ್ಪರಮಿಂಟು ಸರಿಯೇ? ಈರುಳ್ಳಿ ಮಾರುವವರನ್ನು ಯಾರೂ ಕೇಳಿರಲಿಲ್ಲ, ತಾತ ತಪ್ಪೇ? ಒಂದನ್ನು ಸರಿ ಮಾಡಿದರೆ ಇನ್ನೊಂದು ಸೊಟ್ಟಗಾಗುತ್ತಿತ್ತು. ಅಪ್ಪ ಸೈಕಲ್ ಚಕ್ರದ ಬೆಂಡು ತೆಗೆಯುವಾಗ ಒಂದು ಕಡ್ಡಿ ಬಿಗಿ ಮಾಡಿದರೆ ಎದುರಿನದು ಸಡಿಲವಾಗುತ್ತದಲ್ಲ, ಹಾಗೆ.

ಅಕ್ಟೋಬರ್ ಪರೀಕ್ಷೆಯ ದಿನ ಅತ್ತೆ ಗುಬ್ಬಿಗೇ ಬಂದು ಕೂತಿದ್ದರು. ನಾನು ಹೊರಡುವಾಗ ಮೊಸರು ಸಕ್ಕರೆ ಕೊಟ್ಟದ್ದೂ ಅವರೇ. "ಚೆನ್ನಾಗಿ ಬರಿ ಕಣೇ" ಅಂದರು. ನಿಜವಾಗಿಯೇ ಅಂದರು. ನಾನು ಪಾಸಾಗಬೇಕು ಅಂತಲೂ ಅವರಿಗೆ ಇತ್ತೋ ಏನೋ.

ಪ್ರಶ್ನೆ: ಹೊರದೇಶಗಳಲ್ಲಿ ಸೈನಿಕ ಮಧ್ಯಪ್ರವೇಶದ ಬಗ್ಗೆ ಬ್ರಿಟನ್ನಿನ ನೀತಿಯನ್ನು ಪರಿಶೀಲಿಸಿ. ಈ ಸಲ ಏನನ್ನೂ ಹೊಡೆದು ಹಾಕಬಾರದು ಅಂತ ತೀರ್ಮಾನಿಸಿದ್ದೆ. ಎರಡೂ ಪ್ರಕರಣಗಳನ್ನು ಬರೆದೆ. ಕಳುಹಿಸುವ ಶಕ್ತಿ ಇದೆಯೇ ಎನ್ನುವುದು ಒಂದು ಪ್ರಶ್ನೆ, ಕಳುಹಿಸುವುದು ಸರಿಯೇ ಎನ್ನುವುದು ಬೇರೆ ಪ್ರಶ್ನೆ, ಮೊದಲನೆಯದಕ್ಕೆ 1956ರಲ್ಲಿ ಒಂದು ಉತ್ತರ, 1982ರಲ್ಲಿ ಇನ್ನೊಂದು ಸಿಕ್ಕಿತು ಎಂದು ಬರೆದೆ. ಎರಡನೆಯದಕ್ಕೆ ಅಲ್ಲಿ ವಾಸಿಸುವ ಜನರ ಅಭಿಪ್ರಾಯವನ್ನು ಮೊದಲು ಕೇಳಬೇಕು ಎಂದೂ ಬರೆದೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅದಷ್ಟೇ ಸಾಲದು ಅಂತ ನನಗೇ ಗೊತ್ತಿತ್ತು. ಕೊನೆಯ ವಾಕ್ಯ ಹೀಗಾಯಿತು: "ಇಷ್ಟರಿಂದಲೂ ಸರಿ ತಪ್ಪು ತೀರ್ಮಾನವಾಗುವುದಿಲ್ಲ, ನನಗೆ ಖಚಿತವಾದ ಉತ್ತರ ತಿಳಿದಿಲ್ಲ." ಇಪ್ಪತ್ತು ಮಾರ್ಕಿನ ಉತ್ತರದ ಕೊನೆಗೆ ತಿಳಿದಿಲ್ಲ ಅಂತ ಬರೆದು, ರೂಢಿಯಂತೆ ಸ್ಕೇಲ್ ಇಟ್ಟು ಗೆರೆ ಎಳೆದೆ. ಹೊರಗೆ ಬಂದು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಮೈ ಮೇಲೆ ಪ್ರಜ್ಞೆ ಇರುವ ಯಾರಾದರೂ ಹಾಗೆ ಬರೆಯುತ್ತಾರೆಯೇ?

ಮೂವತ್ತೆಂಟು ಬಂತು. ಆ ಕೊನೆಯ ವಾಕ್ಯಕ್ಕೆ ಎರಡು ಮಾರ್ಕು ಬಂತೋ, ಅಥವಾ ಅದಕ್ಕೇ ಎರಡು ಮಾರ್ಕು ಹೋಯಿತೋ ನನಗೆ ಇವತ್ತಿನವರೆಗೂ ಗೊತ್ತಿಲ್ಲ. 1987ರಲ್ಲಿ ನಮ್ಮ ಸೇನೆ ಶ್ರೀಲಂಕಾಕ್ಕೆ ಹೋದಾಗ ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ, ಬಟವಾಡಿಯಲ್ಲಿ ಬಾಡಿಗೆ ಮನೆ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಹೀಗೇ ಏನೋ ಕೇಳಿದಳು. "ಅದು ಸಿಲಬಸ್ಸಿನಲ್ಲಿಲ್ಲ, ಕೂತ್ಕೋ" ಅಂದೆ. ಅಂದ ಮೇಲೆ ಆ ಪೀರಿಯಡ್ ಮುಗಿಯುವವರೆಗೂ ಅವಳ ಕಡೆ ನೋಡಲು ಆಗಲಿಲ್ಲ.

ರಿಸಲ್ಟು ಬಂದ ದಿನ ಅಪ್ಪ ಅಂಗಡಿಗೆ ಬಾಗಿಲು ಹಾಕಿ ಸಿ.ಎಸ್. ಪುರಕ್ಕೆ ಹೋಗಿ ಅಕ್ಕನಿಗೆ ತಾವೇ ಹೇಳಿ ಬಂದರು. ಏನು ಮಾತಾಯಿತೆಂದು ಹೇಳಲಿಲ್ಲ. ಅತ್ತೆ ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ. ಅವರ ಮಗನಿಗೆ ತಿಪಟೂರು ಕಡೆಯ ಹುಡುಗಿ ಗೊತ್ತಾದಾಗ ಕರೆಯಲು ಬಂದರು. ನಾನು ಮದುವೆಗೆ ಹೋಗಿ ಧಾರೆಯ ಹತ್ತಿರವೇ ನಿಂತೆ. ಅವನು ನನ್ನನ್ನು ನೋಡಿ ಮೊದಲ ಸಲ ತಲೆಯೆತ್ತಿ ನಕ್ಕ. ಅವನಿಗೂ ಸಮಾಧಾನವಾಗಿತ್ತೋ ಇಲ್ಲವೋ, ಅದೂ ತಿಳಿಯಲಿಲ್ಲ.

ಡಿಗ್ರಿ ಸರ್ಟಿಫಿಕೇಟು ಕಾಲೇಜಿಗೆ ಬಂದದ್ದು ಪಾಸಾದ ಮುಂದಿನ ವರ್ಷ. ಆಫೀಸಿನವರು ರಿಜಿಸ್ಟರಿನಲ್ಲಿ ಸೈನ್ ಮಾಡಿಸಿಕೊಂಡು ಕೊಟ್ಟರು. ಅದನ್ನು ದಿನಪತ್ರಿಕೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಅಲ್ಲಿಂದಲೇ ಹೆಬ್ಬೂರಿನ ಮೇಲೆ ಹೋಗುವ ಕುಣಿಗಲ್ ಬಸ್ಸು ಹತ್ತಿದೆ. ಅವ್ವ, ಅಪ್ಪ ಆಮೇಲೆ ನೋಡಲಿ. ತಾತ ಹಾಸಿಗೆ ಹಿಡಿದಿದ್ದರು, ಕಾಯುವಷ್ಟು ದಿನ ಅವರಿಗೆ ಉಳಿದಿರಲಿಲ್ಲ.

ತಾತ ಎದ್ದು ಗೋಡೆಗೆ ಒರಗಿ ಕೂತರು. ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಸರ್ಟಿಫಿಕೇಟು ತೆಗೆದುಕೊಂಡರು. ಮುದ್ರೆಯ ಮೇಲೆ ಬೆರಳಾಡಿಸಿದರು.

"ಆ ಕಾಲ್ವೆ ವಿಸ್ಯ ಬರ್ದೆ ಅಂದಿದ್ದೆಯಲ್ಲ ಮಗ. ಅದು ಸರಿ ಅಂದ್ರಾ, ತಪ್ಪು ಅಂದ್ರಾ?"

"ಏನೂ ಹೇಳ್ಲಿಲ್ಲ ತಾತ. ಪಾಸು ಅಂತ ಬರೆದು ಕೊಟ್ರು ಅಷ್ಟೆ."

ತಾತ ತಲೆಯಾಡಿಸಿದರು.

"ನಂಗೂ ಹಂಗೇ ಕಣ್ ಮಗ, ಬರೋವಾಗ ಒಂದ್ ಕಾಗ್ದ ಕೊಟ್ಟಿದ್ರು. ನಡತೆ ಒಳ್ಳೇದು ಅಂತ ಬರ್ದಿತ್ತು. ಹೋಗಿದ್ದು ಸರಿಯಾ ಅಂತ ಯಾರೂ ಬರೀಲಿಲ್ಲ."